ಸಮಷ್ಟಿಯ ಏರಿಳಿತ: ಮಸ್ಕಿಯ ಸೀಮೆಯ ನಿದರ್ಶನಗಳೊಡನೆ ಒಂದು ವಿವರಣೆ

೧. ವಿಷಯ ಮತ್ತು ಪರಿಭಾಷೆ

ರಾಯಚೂರು ಜಿಲ್ಲೆಯ ಮಸ್ಕಿ ವಿದ್ವಾಂಸರಿಗೆ ಪರಿಚಿತವಾಗಿರುವುದು ಮುಖ್ಯವಾಗಿ ಅದರ ಶಾಸನದಿಂದ. ೧೯೧೫ರಲ್ಲಿ ಚಿನ್ನದ ಗಣಿಯ ಕೆಲಸಕ್ಕಾಗಿ ಆ ಕಡೆ ಬಂದಿದ್ದ ಬೀಡನ್ ಎಂಬ ಎಂಜಿನಿಯರು ಅಲ್ಲಿಯ ಬಂಡೆಯೊಂದರ ಮೇಲೆ ಅಕ್ಷರಗಳನ್ನು ಕಂಡರು, ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು; ಶಾಸನಗಳ ‘ದೇವಾನಾಂಪ್ರಿಯ’ನು ಅಶೋಕನೇ ಎಂಬುದು ಅದರಿಂದ ಸ್ಥಿರಪಟ್ಟಿತು. ಆದರೆ ಈ ಊರಿನ ನೆಲಕ್ಕೆ ಶಾಸನಕ್ಕಿಂತ ಹಳೆಯದಾದ ಚರಿತ್ರೆಯುಂಟು. ೧೯೫೪ರಲ್ಲಿ ಬಿ. ಕೆ. ಥಾಪರ್ ಅವರು ನಡೆಸಿದ ಉತ್ಖನನದಲ್ಲಿ ನವಶಿಲಾ–ತಾಮ್ರಶಿಲಾ ಕಾಲ, ಬೃಹತ್ಶಿಲಾ ಕಾಲ, ಆದಿ ಐತಿಹಾಸಿಕ ಕಾಲ, ಮಧ್ಯಯುಗ ಎಂಬ ನಾಲ್ಕು ಕಾಲಗಳ ವಸತಿಯ ಕುರುಹುಗಳು ಒಂದರ ಮೇಲೊಂದು ದೊರೆತುವು. ಒಂದೇ ಗುಡ್ಡದ ಅಡಿಯಲ್ಲಿ, ಒಂದೇ ಹಳ್ಳದ ನೀರನ್ನು ನೆಚ್ಚಿಕೊಂಡು, ಇಷ್ಟು ದೀರ್ಘಕಾಲ ಜನರೂ ದನಕರುಗಳೂ ಬಾಳಿದುವೆಂದಮೇಲೆ ಒಂದು ಪ್ರಶ್ನೆ ತಾನಾಗಿ ಏಳುತ್ತದೆ: ಒಂದು ನೆಲವು ಎಷ್ಟು ಜೀವಿಗಳನ್ನು ಹೊರಬಲ್ಲುದು? ಆ ಸಂಖ್ಯೆಯು ಏಕೆ ಏರುತ್ತದೆ, ಏಕೆ ಇಳಿಯುತ್ತದೆ, ಯಾವಾಗ ಮತ್ತೆ ಏರದಂತೆ ಇಳಿದುಹೋಗುತ್ತದೆ? ಈ ಪ್ರಶ್ನೆಗಳನ್ನು ವಿಚಾರಿಸುವ ಶಾಸ್ತ್ರವೊಂದು ಜೀವವಿಜ್ಞಾನದ ಅಂಗವಾಗಿ ಬೆಳೆದಿದೆ. ಅದರ ಮೂಲಭಾವನೆಗಳನ್ನು, ಶಾಸನಗಳು ಎಡೆದೊರೆ ನಾಡೆಂದು ಕರೆದ ಕೃಷ್ಣಾ–ತುಂಗಭದ್ರೆಗಳ ನಡುವಣ ಈ ಸೀಮೆಯ ನಿದರ್ಶನಗಳಿಂದ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಪರಿಭಾಷೆಯ ಮಾತು. ‘ಜನಸಂಖ್ಯೆ’ ಎಂಬ ಪದವು ರೂಢಿಯಲ್ಲಿದ್ದರೂ ಹಕ್ಕಿಗಳ ಜನಸಂಖ್ಯೆ, ಹುಲ್ಲಿನ ಜನಸಂಖ್ಯೆ ಎನ್ನುವುದು ಕಿವಿಗೆ ಒಗ್ಗದು. ಅದಲ್ಲದೆ ಈ ಪದವು ಸಂಖ್ಯೆಯನ್ನು ಹೇಳುತ್ತದೆಯೇ ಹೊರತು ಆ ಸಂಖ್ಯೆಯುಳ್ಳ ವಸ್ತುವನ್ನು ಹೇಳುವುದಿಲ್ಲ. ವೇದಾಂತದಲ್ಲಿ ಬಿಡಿಯಾದುದಕ್ಕೆ ವ್ಯಷ್ಟಿಯೆಂದೂ ಒಟ್ಟಾದುದಕ್ಕೆ ಸಮಷ್ಟಿಯೆಂದೂ ಹೇಳುವುದು ಎಲ್ಲರಿಗೂ ತಿಳಿದದ್ದೇ. ಆ ಜೋಡಿಯನ್ನೇ ಇಲ್ಲಿ ಬಳಸಿ, ಒಂದು ಕಾಲದಲ್ಲಿ ಒಂದು ಸ್ಥಳದಲ್ಲಿ ವಾಸಿಸುತ್ತ ತಮ್ಮತಮ್ಮಲ್ಲಿ ಸಂತಾನವನ್ನು ಪಡೆಯಬಲ್ಲ ಒಂದೇ ಜಾತಿಯ ಜೀವಿಗಳ ಮೊತ್ತವನ್ನು ‘ಸಮಷ್ಟಿ’ ಎನ್ನಬಹುದು. ಒಂದು ಜೋಳದ ಹೊಲದಲ್ಲಿರುವ ಒಂದು ಜಾತಿಯ ಮಿಡತೆಗಳೆಲ್ಲ ಸೇರಿ ಒಂದು ಸಮಷ್ಟಿ; ಅವನ್ನು ತಿನ್ನಲು ಬರುವ ಒಂದು ಜಾತಿಯ ಹಕ್ಕಿಗಳದು ಇನ್ನೊಂದು ಸಮಷ್ಟಿ. ಜೋಳ, ಮಿಡತೆ, ಹಕ್ಕಿ ಎಲ್ಲವೂ ಸೇರಿದುದು ಸಮಷ್ಟಿಯಲ್ಲ, ಅದು ‘ಸಮುದಾಯ’.

ಈ ವಿಭಾಗವು ಕೇವಲ ಹೆಸರಿನದಲ್ಲ. ಸಮಷ್ಟಿಗೆ ಇರುವ ಕೆಲವು ಧರ್ಮಗಳು ವ್ಯಷ್ಟಿಗೆ ಇಲ್ಲ. ಒಂದು ಜಿಂಕೆ ಒಮ್ಮೆ ಹುಟ್ಟುತ್ತದೆ, ಒಮ್ಮೆ ಸಾಯುತ್ತದೆ. ಅದಕ್ಕೆ ಜನನಪ್ರಮಾಣವಾಗಲಿ ಮರಣಪ್ರಮಾಣವಾಗಲಿ ಇಲ್ಲ. ಅದಕ್ಕೆ ಒಂದು ವಯಸ್ಸುಂಟು. ಆದರೆ ಎಳೆಯವು ಎಷ್ಟು, ಪ್ರಾಯದವು ಎಷ್ಟು, ಮುದಿಯವು ಎಷ್ಟು ಎಂಬ ವಯೋವಿಭಾಗವಿರುವುದು ಹಿಂಡಿಗೆ ಮಾತ್ರ. ಸಮಷ್ಟಿಯ ಈ ಧರ್ಮಗಳನ್ನು ಬಿಟ್ಟು ತಲೆಯೆಣಿಕೆಯೊಂದನ್ನೇ ಹಿಡಿದರೆ ಎಂತಹ ಭ್ರಾಂತಿ ಉಂಟಾಗುವುದೆಂಬುದು ಮುಂದೆ ತಿಳಿದುಬರುವುದು.

೨. ನಾಲ್ಕು ಗತಿಗಳು

ಯಾವ ಸಮಷ್ಟಿಯ ಸಂಖ್ಯೆಯಾದರೂ ಬದಲಾಗುವುದು ನಾಲ್ಕು ದಾರಿಗಳಿಂದ ಮಾತ್ರ. ಹುಟ್ಟುವುದು, ಹೊರಗಿನಿಂದ ಬರುವುದು ಎಂಬ ಎರಡು ಅದನ್ನು ಹೆಚ್ಚಿಸುತ್ತವೆ. ಸಾಯುವುದು, ಹೊರಗೆ ಹೋಗುವುದು ಎಂಬ ಎರಡು ಅದನ್ನು ಕಡಿಮೆ ಮಾಡುತ್ತವೆ. ಇವನ್ನು ಜನನ, ಆಗಮನ, ಮರಣ, ನಿರ್ಗಮನ ಎಂದು ಕರೆಯಬಹುದು. ಈ ವರ್ಷದ ಸಂಖ್ಯೆಯೆಂಬುದು ಹೋದ ವರ್ಷದ ಸಂಖ್ಯೆಗೆ ಮೊದಲಿನೆರಡನ್ನು ಕೂಡಿಸಿ ಉಳಿದೆರಡನ್ನು ಕಳೆದುದಕ್ಕೆ ಸಮವಾಗಿರುತ್ತದೆ. ಶಾಸ್ತ್ರದ ಉಳಿದ ವಿಸ್ತಾರವೆಲ್ಲವೂ ಈ ಸರಳವಾದ ಜಮಾಖರ್ಚಿನ ಮೇಲೆಯೇ ನಿಂತಿದೆ.

ಮಸ್ಕಿಯ ಸುತ್ತಲಿನ ಮನುಷ್ಯ ಸಮಷ್ಟಿಯಲ್ಲಿ ಈ ನಾಲ್ಕೂ ಗತಿಗಳನ್ನು ಕಣ್ಣಾರೆ ಕಾಣಬಹುದು. ೧೯೫೩ರಲ್ಲಿ ತುಂಗಭದ್ರಾ ಜಲಾಶಯದಿಂದ ನೀರು ಹರಿಯತೊಡಗಿದ ಮೇಲೆ, ಎಡದಂಡೆಯ ಕಾಲುವೆಯ ಕೆಳಗಣ ಸಿಂಧನೂರಿನ ಕಡೆಗೆ ಕರಾವಳಿಯ ಆಂಧ್ರದಿಂದ ಭತ್ತದ ಬೇಸಾಯವನ್ನು ಬಲ್ಲ ರೈತರು ಬಂದು ನೆಲೆಸಿದರು. ಅವರು ಹೂಡಿದ ಬಿಡಾರಗಳೇ ಊರುಗಳಾಗಿ, ಹೆಸರಿನ ಕೊನೆಯಲ್ಲಿ ‘ಕ್ಯಾಂಪ್’ ಎಂಬ ಪದವನ್ನು ಉಳಿಸಿಕೊಂಡಿವೆ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರಿಗೂ ಸಿಂಧನೂರು ತಾಲ್ಲೂಕಿನಲ್ಲಿ ವಸತಿ ದೊರೆಯಿತು. ಇವು ಆಗಮನದ ನಿದರ್ಶನಗಳು. ಇದಕ್ಕೆ ವಿರುದ್ಧವಾಗಿ, ಕಾಲುವೆ ಮುಟ್ಟದ ಒಣಭೂಮಿಯ ಹಳ್ಳಿಗಳಿಂದ ಸುಗ್ಗಿ ತೀರಿದ ಮೇಲೆ ಕೂಲಿಯನ್ನು ಅರಸಿಕೊಂಡು ಕುಟುಂಬಗಳು ಬೆಂಗಳೂರು ಮೊದಲಾದ ಕಡೆಗಳಿಗೆ ಹೋಗುತ್ತವೆ. ಇದಕ್ಕೆ ಜನರ ಬಾಯಲ್ಲಿ ‘ಗುಳೆ’ ಎಂಬ ಹೆಸರುಂಟು. ‘ಊರು ಗುಳೆ ಎದ್ದಿತು’ ಎಂದರೆ ಹೋದದ್ದು ಒಬ್ಬಿಬ್ಬರಲ್ಲ, ನೆಲವು ತಾಳಲಾರದೆ ಊರಿಗೆ ಊರೇ ಹೊರಟಿತೆಂಬ ಭಾವ. ‘ನಿರ್ಗಮನ’ವೆಂಬ ಸಂಸ್ಕೃತಪದಕ್ಕಿಂತ ಈ ದೇಶ್ಯವು ಶಾಸ್ತ್ರಾರ್ಥಕ್ಕೆ ಹತ್ತಿರವಾದುದು.

ರಾಯಚೂರು ಜಿಲ್ಲೆಯಲ್ಲಿ ೨೦೦೧ರ ಗಣತಿಯಂತೆ ೧೬,೬೯,೭೬೨ ಜನರಿದ್ದರು; ೨೦೧೧ರಲ್ಲಿ ೧೯,೨೮,೮೧೨. ಹತ್ತು ವರ್ಷಗಳಲ್ಲಿ ಸುಮಾರು ೨ ಲಕ್ಷ ೫೯ ಸಾವಿರ ಹೆಚ್ಚಿತು. ಆದರೆ ಇವೆರಡು ಅಂಕಿಗಳಿಂದ ಹುಟ್ಟಿದವರೆಷ್ಟು, ಬಂದವರೆಷ್ಟು, ಗುಳೆ ಹೋಗಿ ಮರಳದವರೆಷ್ಟು ಎಂಬುದು ತಿಳಿಯುವುದಿಲ್ಲ. ಬಹಳ ಮಂದಿ ಬಂದು ಬಹಳ ಮಂದಿ ಹೋದ ಸೀಮೆಯೂ, ಯಾರೂ ಬಾರದೆ ಯಾರೂ ಹೋಗದೆ ಇದ್ದ ಸೀಮೆಯೂ ಒಂದೇ ಮೊತ್ತವನ್ನು ತೋರಿಸಬಹುದು. ಆದುದರಿಂದ ಮೊತ್ತವು ಪ್ರಶ್ನೆಯ ಆರಂಭವೇ ಹೊರತು ಉತ್ತರವಲ್ಲ.

೩. ಸಾಂದ್ರತೆಯೂ ಎಣಿಕೆಯೂ

ಸಂಖ್ಯೆಯನ್ನು ನೆಲದ ವಿಸ್ತಾರದಿಂದ ಭಾಗಿಸಿದರೆ ಬರುವುದು ಸಾಂದ್ರತೆ. ೨೦೧೧ರಲ್ಲಿ ಕರ್ಣಾಟಕದಲ್ಲಿ ಚದರ ಕಿಲೋಮೀಟರಿಗೆ ೩೧೯ ಜನರಿದ್ದರು; ಬೆಂಗಳೂರು ನಗರ ಜಿಲ್ಲೆಯಲ್ಲಿ ೪,೩೮೧; ರಾಯಚೂರು ಜಿಲ್ಲೆಯಲ್ಲಿ ೨೨೮. ಈ ಸರಾಸರಿಯನ್ನು ಸ್ಥೂಲಸಾಂದ್ರತೆ ಎನ್ನುವರು. ಕಾಲುವೆಯ ಕೆಳಗಣ ಗದ್ದೆಯ ಊರಿಗೂ ಕಲ್ಲುಗುಡ್ಡದ ಬದಿಯ ಊರಿಗೂ ೨೨೮ ಎಂಬುದು ಸಮಾನವಾಗಿ ಅನ್ವಯಿಸುವುದಿಲ್ಲ. ಜೀವಿಯು ನಿಜವಾಗಿ ಬಾಳಬಲ್ಲ ನೆಲವನ್ನು ಮಾತ್ರ ಲೆಕ್ಕಕ್ಕೆ ಹಿಡಿದು ಸಾಂದ್ರತೆಯನ್ನು ತೆಗೆದರೆ ಅದು ಸ್ಥೂಲಸಾಂದ್ರತೆಗಿಂತ ಎಷ್ಟೋ ಹೆಚ್ಚಾಗಿರುತ್ತದೆ. ಮೀನಿನ ಸಾಂದ್ರತೆಯನ್ನು ಕೆರೆಯ ನೀರಿನಿಂದ ಅಳೆಯಬೇಕೇ ಹೊರತು ಊರಿನ ಎಲ್ಲೆಯಿಂದ ಅಳೆಯುವುದು ಸಲ್ಲದು.

ಮನುಷ್ಯನನ್ನು ಹೆಸರು ಹಿಡಿದು ಎಣಿಸಬಹುದು. ಕಾಡುಜೀವಿಯನ್ನು ಹಾಗೆ ಎಣಿಸಲು ಬಾರದು. ಅದಕ್ಕಾಗಿ ಎರಡು ಉಪಾಯಗಳು ಬಳಕೆಯಲ್ಲಿವೆ. ಸಸ್ಯಗಳನ್ನೂ ನಿಧಾನವಾಗಿ ಚಲಿಸುವ ಪ್ರಾಣಿಗಳನ್ನೂ ಎಣಿಸಬೇಕಾದಾಗ ಹೊಲದಲ್ಲಿ ಅಲ್ಲಲ್ಲಿ ಸಮಪ್ರಮಾಣದ ಚೌಕಗಳನ್ನು ಗುರುತಿಸಿ, ಅವುಗಳಲ್ಲಿರುವುದನ್ನು ಎಣಿಸಿ, ಒಟ್ಟು ನೆಲಕ್ಕೆ ಗುಣಿಸುವರು. ಓಡಾಡುವ ಪ್ರಾಣಿಗಳಾದರೆ ಕೆಲವನ್ನು ಹಿಡಿದು ಗುರುತು ಹಾಕಿ ಬಿಟ್ಟು, ಎರಡನೆಯ ಸಲ ಹಿಡಿದವುಗಳಲ್ಲಿ ಗುರುತಿನವು ಎಷ್ಟೆಂದು ನೋಡುವರು. ಉದಾಹರಣೆಗಾಗಿ, ಒಂದು ಕೆರೆಯಲ್ಲಿ ೫೦ ಮೀನುಗಳಿಗೆ ಗುರುತು ಹಾಕಿ ಬಿಟ್ಟರೆಂದೂ, ಮರುವಾರ ಹಿಡಿದ ೪೦ ಮೀನುಗಳಲ್ಲಿ ೫ಕ್ಕೆ ಗುರುತಿತ್ತೆಂದೂ ಭಾವಿಸಿದರೆ, ಎಂಟರಲ್ಲಿ ಒಂದು ಗುರುತಿನದಾದುದರಿಂದ ಕೆರೆಯಲ್ಲಿ ಸುಮಾರು ೪೦೦ ಮೀನುಗಳಿರಬೇಕು. ಆ ನಡುವೆ ಮೀನುಗಳು ಬರಲಿಲ್ಲ, ಹೋಗಲಿಲ್ಲ, ಗುರುತು ಅಳಿಯಲಿಲ್ಲ ಎಂಬ ನಂಬಿಕೆಯ ಮೇಲೆ ಈ ಲೆಕ್ಕವು ನಿಂತಿದೆ. ಮೇಲೆ ಹೇಳಿದ ನಾಲ್ಕು ಗತಿಗಳನ್ನು ಮರೆತರೆ ಎಣಿಕೆಯೇ ತಪ್ಪುತ್ತದೆಂಬುದು ಇದರಿಂದ ಸ್ಪಷ್ಟವಾಗುವುದು.

೪. ಏರಿಕೆಯ ಗಣಿತ

ತಡೆಯಿಲ್ಲದ ಸಮಷ್ಟಿಯು ಕೂಡಿಕೆಯಿಂದ ಏರುವುದಿಲ್ಲ, ಗುಣಾಕಾರದಿಂದ ಏರುತ್ತದೆ. ಏಕೆಂದರೆ ಹುಟ್ಟಿದವೂ ಮುಂದೆ ಹೆರುತ್ತವೆ. ಇಂಗ್ಲೆಂಡಿನ ಮಾಲ್ಥಸನು ೧೭೯೮ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದನ್ನೇ ಮುಂದಿಟ್ಟು, ಜನರು ಗುಣೋತ್ತರ ಶ್ರೇಣಿಯಲ್ಲಿ ಹೆಚ್ಚುವರೆಂದೂ ಆಹಾರವು ಹಾಗೆ ಹೆಚ್ಚಲಾರದೆಂದೂ ವಾದಿಸಿದನು. ಬೆಲ್ಜಿಯಮ್ಮಿನ ವೆರ್‌ಹುಲ್ಸ್ಟ್ ಎಂಬ ಗಣಿತಜ್ಞನು ೧೮೩೮ರಲ್ಲಿ ಈ ಮಾತಿಗೆ ಸೂತ್ರರೂಪವನ್ನು ಕೊಟ್ಟನು. ನೆಲವು ಹೊರಬಲ್ಲ ಒಂದು ಮಿತಿಯುಂಟೆಂದು ಇಟ್ಟುಕೊಂಡರೆ, ಸಂಖ್ಯೆಯು ಅದರಿಂದ ದೂರವಿರುವಾಗ ಏರಿಕೆಯು ವೇಗವಾಗಿರುತ್ತದೆ; ಹತ್ತಿರಕ್ಕೆ ಬಂದಂತೆಲ್ಲ ಮಂದವಾಗುತ್ತದೆ; ಮಿತಿಯನ್ನು ಮುಟ್ಟಿದಾಗ ನಿಲ್ಲುತ್ತದೆ. ಇದನ್ನು ಗೆರೆಯಾಗಿ ಬರೆದರೆ ಕೆಳಗೆ ಬಾಗಿ ಹೊರಟು, ನಡುವೆ ನೆಟ್ಟಗೆ ಏರಿ, ಮೇಲೆ ಮತ್ತೆ ಚಪ್ಪಟೆಯಾಗುವ ವಕ್ರರೇಖೆಯು ದೊರೆಯುವುದು. ಆ ಮಿತಿಗೆ ‘ಧಾರಣಶಕ್ತಿ’ ಎಂದು ಹೆಸರು.

ಇದನ್ನು ಅನುಭವದೊಡನೆ ತಾಳೆ ನೋಡಲು ಬಹುಕಾಲದ ಗಣತಿ ಬೇಕು. ಮಸ್ಕಿಯಿದ್ದ ಹೈದರಾಬಾದ್ ಸಂಸ್ಥಾನದಲ್ಲಿ ಮೊದಲನೆಯ ಗಣತಿ ನಡೆದುದು ೧೮೮೧ರಲ್ಲಿ. ಅಷ್ಟರಲ್ಲಿ ಧಾತು–ಈಶ್ವರ ಸಂವತ್ಸರಗಳ, ಎಂದರೆ ೧೮೭೬–೭೮ರ, ಮಹಾಕ್ಷಾಮವು ಕಳೆದುಹೋಗಿತ್ತು. ಆದುದರಿಂದ ಅದೇ ಕ್ಷಾಮಕ್ಕೆ ಸಿಕ್ಕಿದ್ದೂ, ಅದಕ್ಕೆ ಮುಂಚೆ ೧೮೭೧ರಲ್ಲಿಯೇ ಗಣತಿಯನ್ನು ಮಾಡಿಸಿದ್ದೂ ಆದ ಮೈಸೂರು ಸಂಸ್ಥಾನದ ಅಂಕಿಗಳನ್ನು ನೋಡಬೇಕಾಗುತ್ತದೆ. ಮೈಸೂರಿನಲ್ಲಿ ೧೮೭೧ರಲ್ಲಿ ಸುಮಾರು ೫೦ ಲಕ್ಷ ೫೫ ಸಾವಿರ ಜನರಿದ್ದರು. ೧೮೮೧ರಲ್ಲಿ ಉಳಿದವರು ೪೧ ಲಕ್ಷ ೮೬ ಸಾವಿರ. ನೂರಕ್ಕೆ ೧೭ರಷ್ಟು ಇಳಿತ. ಇದರಲ್ಲಿ ಸತ್ತವರು ಮಾತ್ರವಲ್ಲದೆ, ಊರು ಬಿಟ್ಟವರೂ, ಕ್ಷಾಮದ ವರ್ಷಗಳಲ್ಲಿ ಹುಟ್ಟದೆ ಹೋದ ಮಕ್ಕಳೂ ಸೇರಿದ್ದಾರೆ.

ಮುಂದಿನ ಹತ್ತು ವರ್ಷಗಳಲ್ಲಿ ಆದುದೇ ವಿಚಾರಣೀಯವಾದುದು. ೧೮೯೧ರಲ್ಲಿ ಮೈಸೂರಿನ ಜನರು ಸುಮಾರು ೪೯ ಲಕ್ಷ ೪೪ ಸಾವಿರ; ಎಂದರೆ ನೂರಕ್ಕೆ ೧೮ರಷ್ಟು ಏರಿಕೆ. ಕ್ಷಾಮವು ಮುಖ್ಯವಾಗಿ ಶಿಶುಗಳನ್ನೂ ವೃದ್ಧರನ್ನೂ ಒಯ್ಯುತ್ತದೆ; ಉಳಿದವರಲ್ಲಿ ಸಂತಾನಯೋಗ್ಯವಾದ ಪ್ರಾಯದವರ ಪಾಲು ಹೆಚ್ಚಾಗಿರುತ್ತದೆ. ವಯೋವಿಭಾಗವನ್ನು ಗಮನಿಸಿದರೆ ಹೀಗೆ ಚೇತರಿಸಿಕೊಂಡುದರಲ್ಲಿ ಆಶ್ಚರ್ಯವಿಲ್ಲ. ಅದೇ ವೇಗವು ನಿಲ್ಲದೆ ನಡೆದಿದ್ದರೆ ಜನರು ಸುಮಾರು ೪೨ ವರ್ಷಗಳಿಗೊಮ್ಮೆ ಇಮ್ಮಡಿಯಾಗಿ, ಇನ್ನೂರು ವರ್ಷಗಳಲ್ಲಿ ೨೭ ಪಟ್ಟಿಗಿಂತ ಮಿಗಿಲಾಗುತ್ತಿದ್ದರು. ಆದರೆ ಹಾಗಾಗಲಿಲ್ಲ. ೧೯೦೧ಕ್ಕೆ ಏರಿಕೆಯು ನೂರಕ್ಕೆ ೧೨, ೧೯೧೧ಕ್ಕೆ ೫, ೧೯೨೧ಕ್ಕೆ ೩ ಹೀಗೆ ಇಳಿಯುತ್ತ ಬಂದಿತು.

ಈ ಅಂಕಿಗಳನ್ನು ೧೯೨೧ರಲ್ಲಿ ನಿಂತು ನೋಡಿದ ಗಣಿತಜ್ಞನು, ವೆರ್‌ಹುಲ್ಸ್ಟನ ರೇಖೆಯು ಇಲ್ಲಿ ಅಚ್ಚೊತ್ತಿದಂತೆ ಮೂಡಿದೆ, ೬೦ ಲಕ್ಷವೇ ಮೈಸೂರಿನ ಧಾರಣಶಕ್ತಿ ಎಂದು ತೀರ್ಮಾನಿಸಬಹುದಾಗಿತ್ತು. ಅದೇ ಕಾಲದಲ್ಲಿ, ೧೯೨೦ರಲ್ಲಿ, ಅಮೆರಿಕದ ಪರ್ಲ್ ಮತ್ತು ರೀಡ್ ಎಂಬವರು ಈ ರೇಖೆಯನ್ನು ತಮ್ಮ ದೇಶದ ಜನಸಂಖ್ಯೆಗೆ ಅನ್ವಯಿಸಿ ಮುಂದಣ ಕಾಲವನ್ನು ಊಹಿಸಿದ್ದರು. ಆದರೆ ಮೈಸೂರಿನಲ್ಲಿ ೧೯೩೧ಕ್ಕೆ ನೂರಕ್ಕೆ ಸುಮಾರು ೧೦, ೧೯೪೧ಕ್ಕೆ ಸುಮಾರು ೧೨ ಏರಿಕೆಯಾಗಿ ಜನರು ೭೩ ಲಕ್ಷವನ್ನು ಮೀರಿದರು. ನಡುವಣ ಇಳಿತಕ್ಕೆ ನೆಲದ ಮಿತಿಯೇ ಕಾರಣವಾಗಿರಲಿಲ್ಲ. ೧೮೯೮ರಲ್ಲಿ ಕಾಲಿಟ್ಟ ಪ್ಲೇಗೂ ೧೯೧೮ರ ಇನ್‌ಫ್ಲುಯೆಂಜವೂ ತೆಗೆದುಕೊಂಡ ಬಲಿ ಅದರಲ್ಲಿ ಅಡಗಿತ್ತು. ರೇಖೆಯ ಆಕಾರವು ಒಂದೇ ಆಗಿದ್ದರೂ ಅದರ ಹಿಂದಣ ಕಾರಣಗಳು ಬೇರೆಯಾಗಿರಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಈ ಕಾರಣಗಳನ್ನು ಶಾಸ್ತ್ರವು ಎರಡಾಗಿ ವಿಭಾಗಿಸುತ್ತದೆ. ಸಂದಣಿ ಹೆಚ್ಚಿದಂತೆ ತಾವೂ ಹೆಚ್ಚು ಬಿಗಿಯಾಗುವ ತಡೆಗಳನ್ನು ‘ಸಾಂದ್ರತಾಧೀನ’ವೆನ್ನುವರು: ಆಹಾರದ ಕೊರತೆ, ಗೂಡಿಗೆ ತಾಣದ ಕೊರತೆ, ಒಬ್ಬರಿಂದೊಬ್ಬರಿಗೆ ಹರಡುವ ರೋಗ ಇವು ಆ ಬಗೆಯವು. ಸಂದಣಿ ಎಷ್ಟೇ ಇರಲಿ ಒಂದೇ ಸಮನಾಗಿ ಎರಗುವ ಬರ, ನೆರೆ, ಬಿಸಿಗಾಳಿ ಮೊದಲಾದುವು ‘ಸಾಂದ್ರತಾನಧೀನ’. ಮಳೆ ಹೋಗುವುದು ಎರಡನೆಯ ಬಗೆಯದು; ಉಳಿದ ಕಾಳಿಗೆ ಬಾಯಿಗಳು ಹೆಚ್ಚಾಗುವುದು ಮೊದಲನೆಯದು. ಕ್ಷಾಮದಲ್ಲಿ ಎರಡೂ ಕೂಡಿಕೊಂಡಿರುತ್ತವೆ.

೫. ಧಾರಣಶಕ್ತಿಯು ಯಾರದು?

ಧಾರಣಶಕ್ತಿಯು ನೆಲದಲ್ಲಿ ಕೆತ್ತಿಟ್ಟ ಅಂಕಿಯಲ್ಲ. ಎಡೆದೊರೆಯ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ೬೦೦ ಮಿಲಿಮೀಟರಿನ ಆಸುಪಾಸು, ಅದೂ ನೆಚ್ಚಿಕೆಯದಲ್ಲ. ಈ ಸೀಮೆಯಲ್ಲಿಯೂ ನೆರೆಯ ಪ್ರದೇಶಗಳಲ್ಲಿಯೂ ಇರುವ ಬೂದಿದಿಬ್ಬಗಳು ನವಶಿಲಾಯುಗದವರ ದನದ ದೊಡ್ಡಿಗಳಲ್ಲಿ ಸೇರಿದ ಸೆಗಣಿಯನ್ನು ಸುಟ್ಟುದರಿಂದ ಆದುವೆಂದು ಉತ್ನೂರಿನ ಉತ್ಖನನದ ಆಧಾರದಿಂದ ಆಲ್ಚಿನ್ನರು ನಿರೂಪಿಸಿದರು. ಹುಲ್ಲನ್ನು ನೆಚ್ಚಿದ ದನಗಾಹಿಗೆ ಹುಲ್ಲಿನ ಮಿತಿಯೇ ಮಿತಿ. ನೆಲವನ್ನು ಉತ್ತು ಜೋಳ, ಸಜ್ಜೆ, ನವಣೆಗಳನ್ನು ಬೆಳೆದಾಗ ಅದೇ ನೆಲ ಹೆಚ್ಚು ಜನರನ್ನು ಹೊತ್ತಿತು. ಕಾಲುವೆ ಬಂದ ಮೇಲೆ ಇನ್ನೂ ಹೆಚ್ಚು. ಭೂಮಿಯು ಬೆಳೆಯಲಿಲ್ಲ, ಅದರ ಮೇಲಣ ನೀರು ಬದಲಾಯಿತು. ನಾರಾಯಣಪುರ ಬಲದಂಡೆಯ ‘೫ಎ’ ಕಾಲುವೆಗಾಗಿ ಮಸ್ಕಿಯ ಕಡೆಯ ರೈತರು ೨೦೨೦–೨೧ರಲ್ಲಿ ನಡೆಸಿದ ಧರಣಿಯ ತಿರುಳೂ ಇದೇ: ಗುಳೆ ಹೋಗುವುದನ್ನು ತಪ್ಪಿಸಬೇಕಾದರೆ ನೆಲದ ಧಾರಣಶಕ್ತಿಯನ್ನು ಹೆಚ್ಚಿಸಬೇಕು.

ಆದರೆ ‘ಈ ನೆಲದ ಧಾರಣಶಕ್ತಿ’ ಎಂದರೆ ವಾಕ್ಯವು ಅಪೂರ್ಣ. ಯಾವ ಜೀವಿಯ ಪಾಲಿಗೆ ಎಂಬುದನ್ನು ಹೇಳಬೇಕು. ಕಾಲುವೆಯು ಮನುಷ್ಯನ ಪಾಲಿಗೆ ಹೆಚ್ಚಿಸಿದುದನ್ನು ಬೆಳ್ಳಕ್ಕಿಯ ಪಾಲಿಗೂ, ಭತ್ತದ ಹುಳುವಿನ ಪಾಲಿಗೂ ಹೆಚ್ಚಿಸಿತು; ಒಣಬಯಲಿನ ಜೀವಿಯ ಪಾಲಿಗೆ ಅದೇ ಅಳತೆಯಲ್ಲಿ ತಗ್ಗಿಸಿತು. ಒಂದು ನೆಲಕ್ಕೆ ಅಲ್ಲಿ ಬಾಳುವ ಜಾತಿಗಳೆಷ್ಟೋ ಅಷ್ಟು ಧಾರಣಶಕ್ತಿಗಳುಂಟು, ಮತ್ತು ಅವೆಲ್ಲವನ್ನೂ ಒಟ್ಟಿಗೆ ಹೆಚ್ಚಿಸುವ ಉಪಾಯವಿಲ್ಲ. ಮುಂದಿನ ಎರಡು ನಿದರ್ಶನಗಳು ಇದರ ಎರಡು ಮುಖಗಳನ್ನು ತೋರಿಸುತ್ತವೆ.

೬. ತಿನ್ನುವುದೂ ತಿನ್ನಲ್ಪಡುವುದೂ

ಸಿಂಧನೂರಿನ ಭತ್ತದ ಗದ್ದೆಗಳಂತಹ ನೀರಾವರಿ ಬಯಲುಗಳಲ್ಲಿ ರೈತರಿಗೆ ಕಂಟಕವಾದ ಕೀಟಗಳಲ್ಲಿ ಕಂದು ಜಿಗಿಹುಳು ಒಂದು. ಅದು ಪೈರಿನ ಬುಡದಲ್ಲಿ ಕುಳಿತು ರಸವನ್ನು ಹೀರುತ್ತದೆ. ಮೊಟ್ಟೆಯಿಂದ ಪ್ರಾಯಕ್ಕೆ ಬರಲು ಅದಕ್ಕೆ ಒಂದು ತಿಂಗಳೂ ಬೇಕಾಗುವುದಿಲ್ಲ. ಜೇಡಗಳೂ ಕೆಲವು ತಿಗಣೆಗಳೂ ಅದನ್ನು ತಿಂದು ಹತೋಟಿಯಲ್ಲಿಡುತ್ತವೆ. ಹುಳುವನ್ನು ಕೊಲ್ಲಲೆಂದು ಕೀಟನಾಶಕವನ್ನು ಮಿತಿಮೀರಿ ಸಿಂಪಡಿಸಿದ ಕಡೆಗಳಲ್ಲಿ ಹುಳುವು ಮೊದಲಿಗಿಂತ ಹೆಚ್ಚಾಗಿ ಮರುಕಳಿಸುವುದುಂಟು. ಕೊಲ್ಲುವ ಉಪಾಯವೇ ಹೆಚ್ಚಿಸುವ ಉಪಾಯವಾಗುವುದು ಹೇಗೆ?

ಇದಕ್ಕೆ ಉತ್ತರವು ಇಟಲಿಯಲ್ಲಿ, ಮೀನುಗಾರಿಕೆಯ ಲೆಕ್ಕಗಳಿಂದ, ದೊರೆಯಿತು. ೧೯೧೪–೧೮ರ ಯುದ್ಧದ ಕಾಲದಲ್ಲಿ ಏಡ್ರಿಯಾಟಿಕ್ ಸಮುದ್ರದಲ್ಲಿ ಮೀನು ಹಿಡಿಯುವುದು ಕಡಿಮೆಯಾದಾಗ, ಬಲೆಗೆ ಬಿದ್ದವುಗಳಲ್ಲಿ ತಿನ್ನುವ ಮೀನುಗಳ ಪಾಲು ಹೆಚ್ಚಿದ್ದುದನ್ನು ದಾಂಕೋನ ಎಂಬ ಪ್ರಾಣಿಶಾಸ್ತ್ರಜ್ಞನು ಕಂಡನು. ಅವನ ಪ್ರಶ್ನೆಯನ್ನು ಎತ್ತಿಕೊಂಡು ವೊಲ್ಟೆರ ಎಂಬ ಗಣಿತಜ್ಞನು ೧೯೨೬ರಲ್ಲಿ ಭಕ್ಷಕ–ಭಕ್ಷ್ಯ ಸಮಷ್ಟಿಗಳ ಸಮೀಕರಣಗಳನ್ನು ಪ್ರಕಟಿಸಿದನು. ಅಮೆರಿಕದ ಲೋಟ್ಕನು ೧೯೨೫ರ ತನ್ನ ಗ್ರಂಥದಲ್ಲಿ ಸ್ವತಂತ್ರವಾಗಿ ಅದೇ ದಾರಿಯನ್ನು ಹಿಡಿದಿದ್ದನು. ಭಕ್ಷ್ಯವು ಹೆಚ್ಚಿದರೆ ಭಕ್ಷಕವು ಹೆಚ್ಚುತ್ತದೆ; ಭಕ್ಷಕವು ಹೆಚ್ಚಿದರೆ ಭಕ್ಷ್ಯವು ಇಳಿಯುತ್ತದೆ; ಆಗ ಹಸಿವಿನಿಂದ ಭಕ್ಷಕವೂ ಇಳಿಯುತ್ತದೆ; ಭಕ್ಷ್ಯವು ಮತ್ತೆ ಏರುತ್ತದೆ. ಹೀಗೆ ಎರಡೂ ಒಂದರ ಹಿಂದೊಂದು ಏರುತ್ತ ಇಳಿಯುತ್ತ ಸಾಗುತ್ತವೆ. ಇವೆರಡನ್ನೂ ಒಂದೇ ಪ್ರಮಾಣದಲ್ಲಿ ಕೊಲ್ಲುವ ಹೊರಗಿನ ಕಾರಣವೊಂದು ಬಂದರೆ, ಸರಾಸರಿಯಲ್ಲಿ ಲಾಭವಾಗುವುದು ಭಕ್ಷ್ಯಕ್ಕೆ. ಏಕೆಂದರೆ ಅದಕ್ಕೆ ತಗಲಿದ ಪೆಟ್ಟಿನ ಜೊತೆಗೆ ಅದರ ಶತ್ರುವೂ ತಗ್ಗಿತು, ಆದರೆ ಭಕ್ಷಕಕ್ಕೆ ಪೆಟ್ಟೂ ಬಿದ್ದಿತು, ಆಹಾರವೂ ತಗ್ಗಿತು. ಗದ್ದೆಯಲ್ಲಿ ಔಷಧವು ಜೇಡವನ್ನೂ ಹುಳುವನ್ನೂ ಕೂಡಿಯೇ ಕೊಲ್ಲುತ್ತದೆ. ಬೇಗ ಹೆಚ್ಚುವ ಹುಳುವು ಮೊದಲು ಚೇತರಿಸಿಕೊಳ್ಳುತ್ತದೆ, ಜೇಡವು ಹಿಂದೆ ಉಳಿಯುತ್ತದೆ. ಸಮಷ್ಟಿಯನ್ನು ಬಿಡಿಯಾಗಿ ನೋಡಿದವನಿಗೆ ಇದು ವಿಪರೀತವಾಗಿ ತೋರುವುದು; ಎರಡು ಸಮಷ್ಟಿಗಳನ್ನು ಕೂಡಿಸಿ ನೋಡಿದವನಿಗೆ ಇದು ಸಹಜವೇ.

೭. ಬೇಗ ಹೆರುವುವು, ನಿಧಾನವಾಗಿ ಹೆರುವುವು

ಜಿಗಿಹುಳು ನೂರಾರು ಮೊಟ್ಟೆಗಳನ್ನಿಟ್ಟು ಅವನ್ನು ಅದೃಷ್ಟಕ್ಕೆ ಬಿಡುತ್ತದೆ. ಇನ್ನು ಕೆಲವು ಜೀವಿಗಳು ಒಂದೆರಡು ಮರಿಗಳನ್ನು ಪಡೆದು ಬಹುಕಾಲ ಸಾಕುತ್ತವೆ. ೧೯೬೭ರಲ್ಲಿ ಮೆಕಾರ್ಥರ್ ಮತ್ತು ವಿಲ್ಸನ್ ಎಂಬವರು ಈ ಭೇದಕ್ಕೆ ಶಾಸ್ತ್ರೀಯ ರೂಪವನ್ನು ಕೊಟ್ಟರು. ಮೊದಲನೆಯವು ಏರಿಕೆಯ ವೇಗವನ್ನು ನಂಬಿದುವು. ಎರಡನೆಯವು ಧಾರಣಶಕ್ತಿಯ ಹತ್ತಿರದಲ್ಲಿ ಸ್ಥಿರವಾಗಿ ಬಾಳುವುದನ್ನು ನಂಬಿದುವು. ನಿಸರ್ಗವು ಸ್ಥಿರವಾಗಿರುವವರೆಗೆ ಎರಡನೆಯದು ಒಳ್ಳೆಯ ನೀತಿ. ನೆಲವೇ ಬದಲಾದರೆ ಅದೇ ನೀತಿಯು ಉರುಳಾಗುತ್ತದೆ.

ಇದಕ್ಕೆ ನಿದರ್ಶನವು ಸಿಂಧನೂರಿನಿಂದ ತುಂಗಭದ್ರೆಯನ್ನು ದಾಟಿದರೆ ಸಿಗುವ ಸಿರುಗುಪ್ಪ ತಾಲ್ಲೂಕಿನಲ್ಲಿದೆ. ಇಪ್ಪತ್ತೊಂದನೆಯ ಶತಮಾನದಲ್ಲಿ ಕರ್ಣಾಟಕದಲ್ಲಿ ಎರೆಭೂತ ಅಥವಾ ಎರ್ಲಡ್ಡು ಎಂಬ ದೊಡ್ಡ ಹಕ್ಕಿಯು ಕಂಡುಬಂದಿರುವುದು ಅಲ್ಲಿಯ ಎರೆಹೊಲಗಳಲ್ಲಿ, ಅದೂ ಕೈಬೆರಳುಗಳಿಂದ ಎಣಿಸಬಹುದಾದಷ್ಟು. ಅದರ ಹೆಸರೇ ಕಪ್ಪು ಎರೆಮಣ್ಣಿನಿಂದ ಬಂದಿದೆ. ಗಂಡುಹಕ್ಕಿ ಸುಮಾರು ಒಂದು ಮೀಟರು ಎತ್ತರ. ಹಾರುವ ಹಕ್ಕಿಗಳಲ್ಲಿ ಅತ್ಯಂತ ಭಾರವಾದುವುಗಳ ಸಾಲಿಗೆ ಸೇರಿದುದು. ಹೆಣ್ಣು ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮೊಟ್ಟೆಯನ್ನು ಬರಿಯ ನೆಲದ ಮೇಲೆ ಇಡುತ್ತದೆ. ಸುಮಾರು ನಾಲ್ಕು ವಾರ ಕಾವು ಕೂರುತ್ತದೆ. ಮರಿಯನ್ನು ತಾನೊಂದೇ ಸಾಕುತ್ತದೆ. ಮಿಡತೆ, ಜೀರುಂಡೆ, ಓತಿಕೇತ, ಕಾಳು ಇದರ ಆಹಾರ. ವಿರಳವಾದ ಹುಲ್ಲೂ ಒಣಬೇಸಾಯದ ಹೊಲಗಳೂ ಕೂಡಿದ ವಿಶಾಲವಾದ ಬಯಲು ಇದರ ಮನೆ. ಒಂದು ಕಾಲದಲ್ಲಿ ಪಂಜಾಬಿನಿಂದ ತಮಿಳುನಾಡಿನವರೆಗೆ ಹರಡಿದ್ದ ಈ ಜಾತಿಯಲ್ಲಿ ೧೯೬೯ರ ಅಂದಾಜಿನಂತೆ ಸುಮಾರು ೧,೨೬೦ ಹಕ್ಕಿಗಳಿದ್ದುವು. ೨೦೧೮ರ ಹೊತ್ತಿಗೆ ಆ ಅಂದಾಜು ಸುಮಾರು ೧೫೦ಕ್ಕೆ ಇಳಿಯಿತು, ಅವುಗಳಲ್ಲಿ ಬಹುಪಾಲು ರಾಜಸ್ಥಾನದಲ್ಲಿ. ೨೦೧೧ರಲ್ಲಿ ಇದನ್ನು ಅಳಿವಿನ ತುತ್ತತುದಿಯಲ್ಲಿರುವ ಜಾತಿಗಳಲ್ಲಿ ಸೇರಿಸಲಾಯಿತು.

ಬೇಟೆಯನ್ನು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ನಿಷೇಧಿಸಿತು. ಆದರೂ ಇಳಿತವು ನಿಲ್ಲಲಿಲ್ಲವೇಕೆ? ರಾಣೆಬೆನ್ನೂರಿನ ವೃತ್ತಾಂತವು ಇದನ್ನು ವಿಶದಪಡಿಸುತ್ತದೆ. ಅಲ್ಲಿಯ ಬಯಲಿನಲ್ಲಿ ಕೃಷ್ಣಮೃಗವೂ ಎರೆಭೂತವೂ ಕೂಡಿ ಬಾಳಿದ್ದುವು. ಬಯಲಿನ ಬಹುಭಾಗದಲ್ಲಿ ನೀಲಗಿರಿಯ ತೋಪುಗಳನ್ನು ಬೆಳೆಸಲಾಯಿತು. ೧೯೭೪ರಲ್ಲಿ ಅದು ಅಭಯಾರಣ್ಯವಾಯಿತು. ಕಾವಲು ಎರಡಕ್ಕೂ ಸಮಾನವಾಗಿ ದೊರೆಯಿತು. ಕೃಷ್ಣಮೃಗಗಳು ನೂರಾರಿನಿಂದ ಸಾವಿರಾರಿಗೆ ಏರಿದುವು; ಎರೆಭೂತವು ಅಲ್ಲಿ ಕಾಣದಾಯಿತು. ತೋಪಿನ ನೆರಳನ್ನೂ ಸುತ್ತಲಿನ ಪೈರನ್ನೂ ಬಳಸಿಕೊಳ್ಳಬಲ್ಲ ಜಿಂಕೆಗೆ ಧಾರಣಶಕ್ತಿಯು ತಗ್ಗಲಿಲ್ಲ. ಬಯಲನ್ನೇ ನಂಬಿದ ಹಕ್ಕಿಗೆ ಅದು ಸೊನ್ನೆಯಾಯಿತು. ಒಂದೇ ನೆಲ, ಒಂದೇ ಕಾವಲು, ಎರಡು ಫಲಗಳು.

ಸಂಖ್ಯೆಯು ಬಹಳ ತಗ್ಗಿದ ಮೇಲೆ ಇನ್ನೊಂದು ನಿಯಮವು ಕೆಲಸ ಮಾಡತೊಡಗುತ್ತದೆ. ವೆರ್‌ಹುಲ್ಸ್ಟನ ಸೂತ್ರದಂತೆ ಸಂದಣಿ ಕಡಿಮೆಯಾದಷ್ಟೂ ಪ್ರತಿಯೊಂದು ಜೀವಿಗೂ ಅನುಕೂಲ ಹೆಚ್ಚು. ಆದರೆ ತೀರ ವಿರಳವಾದರೆ ಅನುಕೂಲವು ಪ್ರತಿಕೂಲವಾಗುವುದನ್ನು ಅಮೆರಿಕದ ಆಲೀ ಎಂಬ ಪ್ರಾಣಿಶಾಸ್ತ್ರಜ್ಞನು ೧೯೩೦ರ ದಶಕದಲ್ಲಿ ಎತ್ತಿ ತೋರಿಸಿದನು. ಹೆಣ್ಣಿಗೆ ಗಂಡು ಸಿಕ್ಕುವುದಿಲ್ಲ; ಸಿಕ್ಕಿದರೂ ಅದು ರಕ್ತಸಂಬಂಧಿಯಾಗಿರುತ್ತದೆ; ಒಂದು ನಾಯಿ, ಒಂದು ವಿದ್ಯುತ್ತಂತಿ ಸಾಕು, ಇಡೀ ಸಮಷ್ಟಿಯ ಗತಿ ಬದಲಾಗುತ್ತದೆ. ದೀರ್ಘಾಯುವಾದ ಹಕ್ಕಿಯಲ್ಲಿ ಇನ್ನೊಂದು ಮೋಸವೂ ಉಂಟು. ಮರಿಗಳೇ ಇಲ್ಲದಿದ್ದರೂ ಹಳೆಯ ಹಕ್ಕಿಗಳು ವರ್ಷಗಟ್ಟಲೆ ಉಳಿದಿರುವುದರಿಂದ ಎಣಿಕೆಯು ಸ್ಥಿರವಾಗಿರುವಂತೆ ತೋರುತ್ತದೆ. ವಯೋವಿಭಾಗವನ್ನು ನೋಡಿದವನಿಗೆ ಮಾತ್ರ ಆ ಸಮಷ್ಟಿಯು ಆಗಲೇ ಮುಗಿದಿದೆಯೆಂಬುದು ತಿಳಿಯುತ್ತದೆ. ಅಂತಹ ಸಮಷ್ಟಿಯನ್ನು ಉಳಿಸಲು ಹೊರಗಿನಿಂದ ಕೈ ನೀಡಬೇಕಾಗುತ್ತದೆ. ೨೦೧೯ರಿಂದ ಜೈಸಲ್ಮೇರಿನ ಸೀಮೆಯಲ್ಲಿ ಭಾರತೀಯ ವನ್ಯಜೀವಿ ಸಂಸ್ಥೆಯು ಮೊಟ್ಟೆಗಳನ್ನು ತಂದು ಮರಿಮಾಡಿಸಿ ಸಾಕುತ್ತಿರುವುದೂ, ೨೦೨೪ರ ಅಕ್ಟೋಬರಿನಲ್ಲಿ ಕೃತಕ ಗರ್ಭಧಾರಣೆಯಿಂದ ಮರಿಯೊಂದು ಹೊರಬಂದುದೂ ಈ ಪ್ರಯತ್ನದ ಅಂಗಗಳು. ಜನನವೆಂಬ ಗತಿಯನ್ನು ಮನುಷ್ಯನು ಕೈಯಾರೆ ನಡೆಸುತ್ತಿರುವುದು ಇದರ ಅರ್ಥ.

೮. ಉಪಸಂಹಾರ

ಮೇಲಿನ ವಿಚಾರದಿಂದ ಸಿದ್ಧವಾಗುವುದು ಇಷ್ಟು. ಸಮಷ್ಟಿಯೆಂಬುದು ಸಂಖ್ಯೆಯಲ್ಲ, ನಾಲ್ಕು ಗತಿಗಳ ಸಮತೋಲ; ಧಾರಣಶಕ್ತಿಯು ನೆಲದ ಗುಣವಲ್ಲ, ನೆಲಕ್ಕೂ ಒಂದು ಜೀವಿಗೂ ಇರುವ ಸಂಬಂಧ; ಇಳಿದ ಸಂಖ್ಯೆಯು ಮತ್ತೆ ಏರುವುದೆಂಬ ಭರವಸೆಯು ಒಂದು ಮಿತಿಯ ಮೇಲೆ ಮಾತ್ರ ನಿಜ. ಮೈಸೂರಿನ ಜನರು ಕ್ಷಾಮದ ಪೆಟ್ಟಿನಿಂದ ಇಪ್ಪತ್ತು ವರ್ಷಗಳೊಳಗೆ ಚೇತರಿಸಿಕೊಂಡು ೧೮೭೧ರ ಸಂಖ್ಯೆಯನ್ನು ಮೀರಿದರು. ಎರೆಭೂತಕ್ಕೆ ಆ ಶಕ್ತಿಯಿಲ್ಲ.

ಅಶೋಕನ ಮಸ್ಕಿಯ ಶಾಸನದಲ್ಲಿ ಪ್ರಾಣಿರಕ್ಷಣೆಯ ಪ್ರಸ್ತಾಪವಿಲ್ಲ. ಆದರೆ ಅವನ ಐದನೆಯ ಸ್ತಂಭಶಾಸನವು ಈ ದೃಷ್ಟಿಯಿಂದ ಮತ್ತೊಮ್ಮೆ ಓದತಕ್ಕದ್ದಾಗಿದೆ. ಪಟ್ಟಾಭಿಷೇಕವಾದ ಇಪ್ಪತ್ತಾರನೆಯ ವರ್ಷದ ಆ ಶಾಸನದಲ್ಲಿ ಕೊಲ್ಲಬಾರದ ಪ್ರಾಣಿಗಳ ಪಟ್ಟಿಯಿರುವುದು ಪ್ರಸಿದ್ಧವಾಗಿದೆ; ಅದು ಮರಣವನ್ನು ತಡೆಯುವ ಮಾತು. ಅಷ್ಟಕ್ಕೆ ಶಾಸನವು ನಿಲ್ಲುವುದಿಲ್ಲ. ಗಬ್ಬವಾದ ಮತ್ತು ಹಾಲೂಡುವ ಆಡು, ಕುರಿ, ಹಂದಿಗಳನ್ನೂ ಆರು ತಿಂಗಳು ತುಂಬದ ಮರಿಗಳನ್ನೂ ಅದು ಪ್ರತ್ಯೇಕವಾಗಿ ಕಾಪಾಡುತ್ತದೆ. ಅದು ಜನನವನ್ನೂ ಎಳೆಯ ವಯಸ್ಸನ್ನೂ ಕುರಿತ ಮಾತು. ಜೀವಿಗಳಿರುವ ಹೊಟ್ಟನ್ನು ಸುಡಬಾರದು, ನಿಷ್ಕಾರಣವಾಗಿ ಕಾಡನ್ನು ಸುಡಬಾರದು ಎಂದೂ ವಿಧಿಸುತ್ತದೆ. ಅದು ನೆಲೆಯನ್ನು, ಎಂದರೆ ಧಾರಣಶಕ್ತಿಯನ್ನು, ಕುರಿತ ಮಾತು. ಧರ್ಮದೃಷ್ಟಿಯಿಂದ ಹೊರಟ ಆ ಆಜ್ಞೆಯಲ್ಲಿ ಶಾಸ್ತ್ರದ ಹೆಸರಿಲ್ಲದಿದ್ದರೂ, ಕೊಲ್ಲದಿರುವುದೊಂದೇ ಸಾಲದೆಂಬ ತಿಳಿವಳಿಕೆ ಇದೆ. ಎಡೆದೊರೆಯ ಎರೆಯ ಹೊಲಗಳಲ್ಲಿ ನೀರು ಬೇಕಾದ ರೈತನೂ ಬಯಲು ಬೇಕಾದ ಹಕ್ಕಿಯೂ ಇಬ್ಬರೂ ಉಳಿಯಬೇಕಾದರೆ, ಯಾವ ಹೊಲಕ್ಕೆ ಕಾಲುವೆ, ಯಾವ ಬಯಲಿಗೆ ಬಿಡುವು ಎಂಬುದನ್ನು ಮುಂಚಿತವಾಗಿ ಬೇರ್ಪಡಿಸಿ ನಿಶ್ಚಯಿಸುವುದು ಅವಶ್ಯ. ತಲೆಯೆಣಿಕೆಯು ಸೊನ್ನೆಯನ್ನು ಮುಟ್ಟಿದ ಮೇಲೆ ಮಾಡುವ ನಿಶ್ಚಯದಿಂದ ಹಕ್ಕಿಗೆ ಪ್ರಯೋಜನವಿಲ್ಲ.